ಡಂಗುರ ಹೊಡೆಯುವವನ ಬಳಿ ಉದ್ರಿ ಬರೆಸಬೇಡಿ

ಮಾನ್ಯ ಸಂಪಾದಕರಿಗೆ ಇಳಕಲ್‌ನಿಂದ ನಮಸ್ಕಾರ.

ಆಗಸ್ಟ್ 7ರ ಕೈಮಗ್ಗ ದಿನಕ್ಕೆ ನೀವು ತಂದ ಪುರವಣಿಯಲ್ಲಿ, ನೇಕಾರರು ಸ್ನ್ಯಾಪ್‌ಚಾಟ್ ಎಂಬ ಫೋಟೋ ಕಳಿಸುವ ಆ್ಯಪ್ ಹಿಡಿದರೆ ದಲ್ಲಾಳಿಗಳ ಕಾಟ ತಪ್ಪಿ ಸೀರೆ ನೇರವಾಗಿ ಗಿರಾಕಿಯ ಕೈ ಸೇರುತ್ತದೆ ಎಂಬ ಲೇಖನ ಬಂದಿತ್ತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ನಗು ಬಂತು. ಬರೆದವರ ಮೇಲೆ ನನಗೇನೂ ಹಗೆಯಿಲ್ಲ. ಅವರು ಹೇಳಿದ ಕೆಲಸವನ್ನು ನಾನು ಹೋದ ವರ್ಷ ಯುಗಾದಿಯಿಂದ ದೀಪಾವಳಿ ತನಕ ಮಾಡಿ ನೋಡಿದ್ದೇನೆ, ಅಷ್ಟೇ. ಲೆಕ್ಕ ವಹಿಯಲ್ಲಿದೆ. ಪತ್ರ ಉದ್ದವಾಯಿತು ಅನ್ನಿಸಿದರೆ ನಡುವೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಕೊನೆಗೆ ಮಾತ್ರ ಹಾಕಬೇಡಿ. ಕೊನೆಯದು ನಿಮಗೇ ಸೇರಿದ್ದು.

ನಮ್ಮದು ನೇಕಾರರ ಮನೆ. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಎರಡು ಕುಣಿಮಗ್ಗ ಇದ್ದವು, ಮಾವನವರು ತೀರಿಕೊಂಡ ಮೇಲೆ ಒಂದನ್ನು ಬಿಚ್ಚಿಟ್ಟೆವು. ಮನೆಯವರು ನೇಯುತ್ತಾರೆ. ಕಂಡಕಿಗೆ ನೂಲು ಸುತ್ತುವುದರಿಂದ ಹಿಡಿದು ಪಡಸಾಲೆಯಲ್ಲಿ ಕೂತು ಸೀರೆ ಮಾರುವ ತನಕ ಉಳಿದದ್ದೆಲ್ಲ ನನ್ನ ಪಾಲಿನದು. ಅಕ್ಕಪಕ್ಕದ ಎಂಟು ಮಗ್ಗದವರ ಸೀರೆಗಳೂ ನಮ್ಮ ಪಡಸಾಲೆಗೇ ಬರುತ್ತವೆ. ಹತ್ತನೆಯ ಇಯತ್ತೆ ಪಾಸಾಗಿ ಮದುವೆಯಾಗಿ ಬಂದವಳು ನಾನು, ವಯಸ್ಸು ಐವತ್ತೊಂದು. ಫೋನಿನ ವಿಷಯ ನನಗೆ ಕಲಿಸಿದ್ದು ಮಗಳು. ಬಾಗಲಕೋಟೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಕಾಂ ಓದುತ್ತಾಳೆ, ಶನಿವಾರ ಸಂಜೆ ಬಸ್ಸು ಹತ್ತಿ ಮನೆಗೆ ಬರುತ್ತಾಳೆ.

ಈ ಸ್ನ್ಯಾಪ್‌ಚಾಟ್ ನಮ್ಮ ಮನೆಗೆ ವ್ಯಾಪಾರಕ್ಕೆಂದು ಬಂದದ್ದಲ್ಲ. ಅವಳಿಗೂ ಅವಳ ಗೆಳತಿಯರಿಗೂ ಅದರಲ್ಲಿ ‘ಸ್ಟ್ರೀಕ್’ ಎಂಬ ಒಂದು ನೇಮವಿದೆ. ಇಬ್ಬರು ದಿನಾ ತಪ್ಪದೆ ಒಬ್ಬರಿಗೊಬ್ಬರು ಒಂದು ಫೋಟೋ ಕಳಿಸುತ್ತಾ ಹೋದರೆ ಹೆಸರಿನ ಮುಂದೆ ಬೆಂಕಿಯ ಗುರುತು, ಅದರ ಮಗ್ಗುಲಿಗೆ ಎಷ್ಟು ದಿನವಾಯಿತು ಎಂಬ ಅಂಕಿ. ಒಂದು ದಿನ ತಪ್ಪಿತೋ, ಬೆಂಕಿ ಆರಿತು. ಮಗಳದು ಆಗ 412 ದಿನ. ಜ್ವರದಲ್ಲಿ ಮಲಗಿದ್ದಾಗಲೂ ಹೊದ್ದುಕೊಂಡ ಚಾದರದ ಫೋಟೋ ತೆಗೆದು ಕಳಿಸಿದ್ದಾಳೆ. ಸೋಮವಾರ ಒಪ್ಪತ್ತು ಹಿಡಿದವಳು ನಾನು, ಅಷ್ಟು ನಿಷ್ಠೆಯಿಂದ ಎಂದೂ ಮಾಡಿಲ್ಲ. ನಮ್ಮೂರ ಮಠದ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆ ಮನೆಗೆ ಬಂದು ‘ನಿಮ್ಮ ಚಟ ಇದರಾಗ ಹಾಕ್ರಿ’ ಅಂತ ಬೀಡಿ, ಸೆರೆ, ಗುಟ್ಕಾ ಬೇಡಿಕೊಂಡು ಹೋಗುತ್ತಿದ್ದರು. ಈಗ ಇದ್ದಿದ್ದರೆ ನನ್ನ ಮಗಳ ಫೋನು ಮೊದಲು ಜೋಳಿಗೆಗೆ ಬೀಳುತ್ತಿತ್ತು. ಆಮೇಲೆ ನನ್ನದು.

ಲೇಖನದಲ್ಲಿ ಈ ಆ್ಯಪ್ ಏನು, ಹೇಗೆ ಹುಟ್ಟಿತು ಎಂಬುದೇ ಇರಲಿಲ್ಲ. ಅದು ಗೊತ್ತಿಲ್ಲದೆ ವ್ಯಾಪಾರಕ್ಕೆ ಇಳಿದವರು ನಾವೂ ಹೌದು, ಆದ್ದರಿಂದ ನನಗೆ ತಿಳಿದಷ್ಟು ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗರು 2011ರಲ್ಲಿ ಇದನ್ನು ಕಟ್ಟಿದರು. ಕಳಿಸಿದ ಚಿತ್ರ ನೋಡಿದ ಮೇಲೆ ಅಳಿಸಿಹೋಗಬೇಕು ಎಂಬುದೇ ಅದರ ಹುಟ್ಟುಗುಣ. ಹಳದಿ ಚೌಕದಲ್ಲಿ ಬಿಳಿ ಭೂತದ ಗುರುತು ಸುಮ್ಮನೆ ಇಟ್ಟದ್ದಲ್ಲ. 2013ರಲ್ಲಿ ‘ಸ್ಟೋರಿ’ ಬಂತು, ಅದರಲ್ಲಿ ಹಾಕಿದ್ದು 24 ತಾಸು ಇರುತ್ತದೆ. ಅದು ಜನಕ್ಕೆ ಹಿಡಿಸಿದ್ದು ನೋಡಿ 2016ರಲ್ಲಿ ಇನ್‌ಸ್ಟಾಗ್ರಾಂ, ಮರುವರ್ಷ ವಾಟ್ಸ್ಆ್ಯಪ್ ಅದನ್ನೇ ಎತ್ತಿಕೊಂಡವು. ನಾವು ದಿನಾ ನೋಡುವ ವಾಟ್ಸ್ಆ್ಯಪ್ ಸ್ಟೇಟಸ್ಸಿನ ತವರುಮನೆ ಅದೇ.

2017ರಲ್ಲಿ ಒಂದು ತಮಾಷೆಯೂ ನಡೆಯಿತು. ಭಾರತದಂಥ ಬಡ ದೇಶಕ್ಕೆ ನಮ್ಮ ಆ್ಯಪ್ ಅಲ್ಲ ಎಂದು ಸ್ನ್ಯಾಪ್‌ಚಾಟ್‌ನ ಮುಖ್ಯಸ್ಥರು ಅಂದರೆಂದು ಅಲ್ಲಿಯ ಹಳೆಯ ನೌಕರರೊಬ್ಬರು ಆರೋಪಿಸಿದರು. ಕಂಪನಿ ಅದನ್ನು ಅಲ್ಲಗಳೆಯಿತು. ಅಷ್ಟರಲ್ಲಿ ನಮ್ಮ ಮಂದಿ ಸಿಟ್ಟಿಗೆದ್ದು ಹೆಸರು ಸರಿಯಾಗಿ ಓದದೆ, ಏನೂ ಸಂಬಂಧವಿಲ್ಲದ ಸ್ನ್ಯಾಪ್‌ಡೀಲ್ ಆ್ಯಪನ್ನು ಫೋನಿನಿಂದ ಕಿತ್ತೆಸೆದರು. ಆರು ವರ್ಷಕ್ಕೆ, 2023ರಲ್ಲಿ, ಭಾರತದಲ್ಲೇ ತಿಂಗಳಿಗೆ 20 ಕೋಟಿಗೂ ಹೆಚ್ಚು ಜನ ನಮ್ಮನ್ನು ಬಳಸುತ್ತಾರೆ ಎಂದು ಅದೇ ಕಂಪನಿ ಹೇಳಿಕೊಂಡಿತು. ನಿಮ್ಮ ಲೇಖನದಲ್ಲಿದ್ದದ್ದು ಈ ಒಂದು ಅಂಕಿ ಮಾತ್ರ. 20 ಕೋಟಿ ಜನ ಇದ್ದಾರೆ, ಆದ್ದರಿಂದ ನಿಮ್ಮ ಸೀರೆ ಮಾರುತ್ತದೆ ಎಂಬ ಲೆಕ್ಕ. ಬನಶಂಕರಿ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅವರೆಲ್ಲ ಅಲ್ಲಿ ಮಾರುವ ಕಟ್ಟಿಗೆಯ ಬಾಗಿಲು ಕೊಳ್ಳಲಿಕ್ಕೆ ಬಂದವರಲ್ಲ, ನಾಟಕ ನೋಡಲಿಕ್ಕೆ ಬಂದವರೂ ಇರುತ್ತಾರೆ.

ನಾವು ಅದರಲ್ಲಿ ಮಾರಲಿಕ್ಕೆ ಮೊದಲು ಹಾಕಿದ್ದು ದಾಳಿಂಬೆ ಕೆಂಪಿನ ಒಡಲು, ಗೋಮಿ ನಮೂನೆಯ ದಡಿ ಅಂದರೆ ಅಂಚು ಇರುವ ಸೀರೆ. ಮನೆಯವರ ಕೈಯಿಂದ ಆ ವರ್ಷ ಇಳಿದದ್ದರಲ್ಲೇ ಚಂದದ್ದು. ಮಗಳು ಅದನ್ನು ಹಾಸಿಗೆಯ ಮೇಲೆ ಹರಡಿ, ಟ್ಯೂಬ್‌ಲೈಟಿನ ಕೆಳಗೆ ಫೋಟೋ ತೆಗೆದು, ಮೇಲೆ ನಕ್ಷತ್ರ ಉದುರುವ ಫಿಲ್ಟರ್ ಹಾಕಿದಳು. ‘ಚಂದ ಕಾಣತೈತಿ ಅಲ್ಲವಾ?’ ಅಂದಳು. ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಧಾರವಾಡದ ಒಬ್ಬ ಹುಡುಗಿ ಅದನ್ನೇ ಕೇಳಿದಳು, ದುಡ್ಡೂ ಹಾಕಿದಳು. ಹತ್ತು ದಿನಕ್ಕೆ ಸೀರೆ ತಿರುಗಿ ಬಂತು. ‘ನಾ ನೋಡಿದ್ದು ಗುಲಾಬಿ ಬಣ್ಣ, ನೀವು ಕಳಿಸಿದ್ದು ಕೆಂಪು’ ಅಂತ ಚೀಟಿ ಬರೆದಿಟ್ಟಿದ್ದಳು. ನಾನು ಆ ಹುಡುಗಿಗೆ ಒಂದು ಮಾತೂ ಅನ್ನಲಿಲ್ಲ. ಫೋನಿನಲ್ಲಿ ನಾನೇ ನೋಡಿದ್ದೆನಲ್ಲ, ಅದು ರಾಣಿ ಗುಲಾಬಿಯೇ ಆಗಿತ್ತು. ಹೀಗೆ ಬಣ್ಣಕ್ಕಾಗಿ ತಿರುಗಿ ಬಂದವು ನಾಲ್ಕು.

ನಾಲ್ಕನೆಯದು ಬಂದ ಮೇಲೆ ಫಿಲ್ಟರ್ ಬಂದ್. ಬೆಳಿಗ್ಗೆ ಎಂಟರ ಹೊತ್ತಿಗೆ ಉತ್ತರದ ಬಾಗಿಲಲ್ಲಿ, ಬಿಸಿಲು ನೇರ ಬೀಳದ ಕಡೆ ಸೀರೆ ಇಟ್ಟು ಫೋಟೋ ತೆಗೆಯಲು ಶುರು ಮಾಡಿದೆವು. ಆದರೂ ಒಂದೊಂದು ಫೋನಿನಲ್ಲಿ ಒಂದೊಂದು ಬಣ್ಣ. ಆಗ ಮನೆಯವರು ಒಂದು ಉಪಾಯ ಹೇಳಿದರು. ಅವರು ಫೋನು ಮುಟ್ಟುವುದಿಲ್ಲ, ಆದರೆ ಬಣ್ಣ ಅಂದರೆ ಅವರ ಕಣ್ಣು ತಪ್ಪುವುದಿಲ್ಲ. ‘ಸೀರಿ ಮಗ್ಗಲಕ ನೂರರ ಹೊಸಾ ನೋಟು ಇಡ್ರಿ. ಎಲ್ಲಾರ ಮನ್ಯಾಗೂ ಅದು ಇರತೈತಿ. ಅವರು ತಮ್ಮ ಕೈಯಾಗಿನ ನೋಟು ಹಿಡದು ಫೋನಿನ್ಯಾಗಿನ ನೋಟು ನೋಡ್ಲಿ. ನೋಟು ಎಷ್ಟು ಬಣ್ಣಾ ಬಿಟ್ಟೈತಿ, ಸೀರೀನೂ ಅಷ್ಟ ಬಿಟ್ಟೈತಿ ಅಂತ ತಿಳಕೊಳ್ಳಿ.’ ಅಂದಿನಿಂದ ಇಂದಿನ ತನಕ ನಮ್ಮ ಎಲ್ಲ ಫೋಟೋದಲ್ಲೂ ಸೀರೆಯ ಮಗ್ಗುಲಿಗೆ ನೇರಳೆ ಬಣ್ಣದ ನೂರರ ನೋಟು ಇರುತ್ತದೆ. ಬಣ್ಣದ ತಕರಾರು ಮತ್ತೆ ಬಂದಿಲ್ಲ. ‘ನೋಟೂ ಸೀರೆ ಜೋಡಿ ಬರತೈತೇನ್ರೀ?’ ಅಂತ ಕೇಳುವವರು ಮಾತ್ರ ಹೆಚ್ಚಾಗಿದ್ದಾರೆ.

ಇನ್ನು ಆರ್ಡರಿನ ಪಂಚಾಯಿತಿ. ಇದನ್ನು ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಪತ್ರ ಇದರ ಸಲುವಾಗಿಯೇ.

ಶ್ರಾವಣದಲ್ಲಿ ಹುಬ್ಬಳ್ಳಿಯ ಒಂದು ಮನೆಯವರು ಮಗಳ ನಿಶ್ಚಯಕ್ಕೆಂದು ಮೂರು ಸೀರೆ ಕೇಳಿದರು. ಮಾತೆಲ್ಲ ಸ್ನ್ಯಾಪ್‌ಚಾಟ್‌ನಲ್ಲೇ ಆಯಿತು, ಅದೂ ನನ್ನ ಮಗಳು ಹಾಸ್ಟೆಲ್‌ನಲ್ಲಿ ಕೂತು ಅವರ ಮಗಳ ಜೊತೆ ಆಡಿದ್ದು. ಬಣ್ಣ, ದಡಿ, ಎಷ್ಟು ವಾರ ಉದ್ದ, ಯಾವ ದಿನಕ್ಕೆ ಬೇಕು, ಎಲ್ಲ. ಮಗಳು ನನಗೆ ಫೋನಿನಲ್ಲಿ ಹೇಳಿದಳು, ನಾನು ನೆರೆಮನೆಯ ಮಗ್ಗಕ್ಕೆ ಹೇಳಿದೆ. ಮೂರೂ ಸೀರೆ ಗೋಮಿ ದಡಿಯಲ್ಲಿ ಇಳಿದವು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆವು. ಮರುದಿನವೇ ಅಲ್ಲಿಂದ ಫೋನು. ‘ನಾವು ಗಾಡಿ ದಡಿ ಹೇಳಿದ್ವಿ, ನೀವು ಏನ್ ಕಳಿಸೀರಿ?’

ಮಗಳಿಗೆ ಕೇಳಿದೆ.

‘ಅವ್ವಾ, ಗೋಮಿ ಅಂತನ ಹೇಳ್ಯಾರ. ನನಗ ಪಕ್ಕಾ ನೆನಪೈತಿ.’

‘ನಿನಗ ನೆನಪೈತಿ, ಆಕಿಗೂ ನೆನಪೈತಿ. ಬರದದ್ದು ಎಲ್ಲೈತಿ, ತೋರಿಸು.’

ತೋರಿಸಲಿಕ್ಕೆ ಏನಿದೆ? ಇಬ್ಬರೂ ಓದಿ ಹೊರಗೆ ಬಂದ ಮೇಲೆ ಮಾತು ಅಳಿಸಿಹೋಗುವಂತೆ ಇಟ್ಟಿದ್ದ ಚಾಟ್ ಅದು. ಒತ್ತಿ ಹಿಡಿದರೆ ಮಾತು ಉಳಿಯುತ್ತದೆ ಎಂಬುದು ಮಗಳಿಗೆ ಗೊತ್ತಿತ್ತು, ಗೆಳತಿಯ ಜೊತೆ ಹರಟಿದ ಹಾಗೆ ಹರಟುವಾಗ ಯಾರು ಒತ್ತಿ ಹಿಡಿಯುತ್ತಾರೆ? ಅವಳ ಫೋನಿನಲ್ಲೂ ಇಲ್ಲ, ಆ ಹುಡುಗಿಯ ಫೋನಿನಲ್ಲೂ ಇಲ್ಲ. ಯಾರದು ಸರಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಸುಳ್ಳು ಹೇಳುವ ಮಂದಿ ಅಂತ ನನಗೆ ಅನ್ನಿಸಲಿಲ್ಲ, ನನ್ನ ಮಗಳೂ ಅಲ್ಲ. ನಿಶ್ಚಯದ ದಿನ ಕಳೆದುಹೋಗಿತ್ತು. ಮೂರೂ ಸೀರೆ ವಾಪಸ್ ತೆಗೆದುಕೊಂಡು ದುಡ್ಡು ತಿರುಗಿ ಕೊಟ್ಟೆ, ಎರಡೂ ಕಡೆಯ ಅಂಚೆ ಖರ್ಚು ನನ್ನ ಮೈಮೇಲೆ ಬಂತು. ನೇಯ್ದ ನೆರೆಯವರಿಗೆ ಮಜೂರಿ ಕೊಡಲೇಬೇಕಲ್ಲ.

ಅವತ್ತು ರಾತ್ರಿ ಮಾವನವರ ವಹಿ ತೆಗೆದೆ. ಕೆಂಪು ಅರಿವೆಯ ಹೊದಿಕೆ, ಉದ್ದನೆಯ ಹಾಳೆ, ಎಲ್ಲ ಅವರ ಕೈಬರಹ. ಗಜೇಂದ್ರಗಡದ ಒಬ್ಬ ಅಂಗಡಿಕಾರರು ಮೂವತ್ತು ವರ್ಷದ ಹಿಂದೆ ಉದ್ರಿ ಒಯ್ದ ಎಂಟು ಸೀರೆ: ಯಾವುದು ಗೋಮಿ, ಯಾವುದು ಪರಾಸಪೇಟಿ, ಒಂದಕ್ಕೆ ಒಂಬತ್ತು ವಾರ, ಉಳಿದದ್ದಕ್ಕೆ ಎಂಟು. ಕೊನೆಗೆ ‘ಮುಟ್ಟಿತು’ ಎಂದು ಬರೆದು ಕೆಳಗೆ ಗೆರೆ. ಓದು ಬರಹ ನಾಲ್ಕನೆಯ ಇಯತ್ತೆಗೆ ನಿಂತವರು ಅವರು. ನಾವು ಬಿಕಾಂ ಓದುವವಳನ್ನು ಮನೆಯಲ್ಲಿಟ್ಟುಕೊಂಡು ಮೂರು ಸೀರೆಯ ಆರ್ಡರನ್ನು ಗಾಳಿಯಲ್ಲಿ ಬರೆದಿದ್ದೆವು. ಮಗಳಿಗೆ ಬೈಯಲಿಲ್ಲ. ವಹಿ ಅವಳ ಮುಂದಿಟ್ಟೆ. ಸುಮ್ಮನೆ ಹಾಳೆ ತಿರುವಿ ನೋಡಿದಳು.

ಊರಲ್ಲಿ ಡಂಗುರ ಹೊಡೆಯುವವನು ಇರುತ್ತಿದ್ದ. ಓಣಿ ಓಣಿಗೆ ಹಲಗೆ ಬಾರಿಸಿ, ಕೂಗಿ, ಮುಂದಿನ ಓಣಿಗೆ ಹೋಗುತ್ತಿದ್ದ. ಕೂಗಿದ್ದು ಕೇಳಿದವರಿಗೆ ಕೇಳಿತು, ಇಲ್ಲದವರಿಗೆ ಇಲ್ಲ. ಅವನ ಕೆಲಸ ಅಷ್ಟೇ, ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಸ್ನ್ಯಾಪ್‌ಚಾಟ್ ಅಂದರೆ ಆ ಮನುಷ್ಯ. ಅವನ ಕೈಗೆ ಉದ್ರಿ ಲೆಕ್ಕ ಕೊಟ್ಟದ್ದು ನಮ್ಮ ತಪ್ಪು. ನಿಮ್ಮ ಲೇಖನ ಓದಿದ ನೇಕಾರ ಹೆಣ್ಣುಮಕ್ಕಳು ಅದೇ ತಪ್ಪು ಮಾಡಬಾರದು ಎಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ಲೇಖನ ಬರೆದವರ ಕಣ್ಣಿಗೆ ಬಿದ್ದಿಲ್ಲ. ನಮ್ಮ ಕಡೆ ಸೀರೆಯನ್ನು ಒಬ್ಬರೇ ಕೊಳ್ಳುವುದಿಲ್ಲ. ಹುಡುಗಿ ನೋಡಿದರೆ ಅವ್ವನಿಗೆ ತೋರಿಸಬೇಕು. ಅವ್ವ ಸಣ್ಣಮ್ಮನನ್ನು ಕೇಳಬೇಕು. ಸಣ್ಣಮ್ಮ ‘ಈ ಹಸಿರು ಆಕಿಗೆ ಒಪ್ಪೂದಿಲ್ಲ, ಬ್ಯಾರೇದು ಕೇಳು’ ಅನ್ನಬೇಕು. ನಮ್ಮ ಪಡಸಾಲೆಗೆ ಬಂದವರೂ ಒಂದು ಸಲ ನೋಡಿ, ಊಟಕ್ಕೆ ಹೋಗಿ, ಮತ್ತೆ ಇಬ್ಬರನ್ನು ಕರೆದುಕೊಂಡು ಬಂದೇ ಕೊಳ್ಳುವವರು. 24 ತಾಸಿನಲ್ಲಿ ಈ ಕೆಲಸ ಮುಗಿಯುತ್ತದೆಯೇ? ಎಷ್ಟೋ ಹುಡುಗಿಯರು ‘ಆಂಟಿ, ನಿನ್ನೆ ಹಾಕಿದ್ರಲ್ಲಾ ಆ ಸೀರಿ, ಅವ್ವಗ ತೋರಸಬೇಕು, ಮತ್ತೊಮ್ಮೆ ಹಾಕ್ರಿ’ ಅನ್ನುತ್ತಿದ್ದರು. ಮತ್ತೊಮ್ಮೆ ಹಾಕುವ ಹೊತ್ತಿಗೆ ಅವ್ವ ಕೆಲಸಕ್ಕೆ ಹೋಗಿರುತ್ತಿದ್ದಳು.

ಹಾಗಂತ ಆ ಆ್ಯಪೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಕಾಲೇಜಿನ ಹತ್ತಿರ ಗಿರಮಿಟ್ಟು, ಮಿರ್ಚಿ ಬಜಿಯ ಗಾಡಿ ಇಟ್ಟಿದ್ದಾನೆ. ಸಂಜೆ ನಾಲ್ಕಕ್ಕೆ ಎಣ್ಣೆಗೆ ಮೊದಲ ಮಿರ್ಚಿ ಬಿಡುವಾಗ ಹತ್ತು ಸೆಕೆಂಡಿನ ವಿಡಿಯೋ ಹಾಕುತ್ತಾನೆ, ಚುರ್ ಅನ್ನುವ ಸಪ್ಪಳದ ಸಮೇತ. ಕ್ಲಾಸು ಬಿಟ್ಟ ಹುಡುಗರು ನೇರ ಅಲ್ಲಿಗೇ. ಐದೂವರೆಗೆ ಹಿಟ್ಟು ಖಾಲಿ. ನಾಳೆ ಆ ಚಿತ್ರ ಉಳಿದು ಯಾರಿಗೇನು ಉಪಯೋಗ? ಅಳಿಸಿಹೋದದ್ದೇ ಒಳ್ಳೆಯದು. ಅವನಿಗೆ ಸರಿಹೊಂದಿದ ಅಂಗಿ ನಮಗೂ ಸರಿಹೊಂದುತ್ತದೆ ಅಂದುಕೊಂಡೆವು. ಮಿರ್ಚಿ ಹೊತ್ತಿನ ವಸ್ತು. ನನ್ನ ಅತ್ತೆ ತಮ್ಮ ಮದುವೆಯ ಸೀರೆಯನ್ನು ಇವತ್ತಿಗೂ ನಾಗರ ಪಂಚಮಿಗೆ ಉಡುತ್ತಾರೆ.

ನಮಗೂ ಅದರಿಂದ ಒಂದು ಲಾಭವಾಯಿತು, ಅದು ಆದದ್ದು ಮಾರಲು ಹೊರಟಾಗ ಅಲ್ಲ.

ಒಂದು ಭಾನುವಾರ ಮನೆಯವರು ಕೊಂಡಿ ಹಾಕುತ್ತಿದ್ದರು. ಓದುಗರಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಲಿ, ರೇಷ್ಮೆಯದಿರಲಿ, ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೂಡಿಸಬೇಕು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ ಎಳೆಯುವುದೇ ಕೊಂಡಿ. ಅಡ್ಡಗಲಕ್ಕೂ ಸಾವಿರಾರು ಎಳೆ, ಪ್ರತಿಯೊಂದಕ್ಕೂ ಒಂದು ಕೊಂಡಿ. ಅದಕ್ಕೇ ನಮ್ಮಲ್ಲಿ ಒಂದು ಸೀರೆಗೆ ಒಂದೇ ಹಾಸು. ಉಳಿದ ಕಡೆಯಂತೆ ಉದ್ದಕ್ಕೆ ಹಾಸು ಸುತ್ತಿಟ್ಟು ಸಾಲಾಗಿ ಐದಾರು ಸೀರೆ ನೇಯಲು ಬರುವುದಿಲ್ಲ. ಮನೆಯವರಿಗೆ ಈಗ ಚಾಳೀಸು ಬಂದಿದೆ, ಆದರೂ ಕೊಂಡಿ ಹಾಕುವಾಗ ಕಣ್ಣಿನಿಂದ ನೋಡುವುದಿಲ್ಲ, ಹೆಬ್ಬೆರಳು ತೋರುಬೆರಳು ನೋಡುತ್ತವೆ. ಒಂದೆರಡು ಎಳೆ ತಪ್ಪಿದರೆ ಬೆರಳು ತಾನಾಗಿ ಹಿಂದೆ ಹೋಗುತ್ತದೆ. ಬಾಯಿ ಮಾತ್ರ ಪಕ್ಕದ ಮನೆಯವರ ಜೊತೆ ಮಳೆಯ ಮಾತಾಡುತ್ತಿರುತ್ತದೆ.

ಮಗಳು ಅದನ್ನು ಅವರಿಗೆ ಗೊತ್ತಾಗದ ಹಾಗೆ ನಲವತ್ತು ಸೆಕೆಂಡು ತೆಗೆದು ‘ಸ್ಪಾಟ್‌ಲೈಟ್’ ಎಂಬ ಕಡೆ ಹಾಕಿದಳು. ಅಲ್ಲಿ ಹಾಕಿದ್ದು ಒಂದು ದಿನಕ್ಕೆ ಹೋಗುವುದಿಲ್ಲ, ಪರಿಚಯವಿಲ್ಲದವರಿಗೂ ಕಾಣುತ್ತದೆ. ಫಿಲ್ಟರ್ ಇಲ್ಲ, ಹಾಡಿಲ್ಲ. ಹಿಂದೆ ಪಕ್ಕದ ಮನೆಯ ಮಗ್ಗದ ಸಪ್ಪಳ, ನಡುವೆ ಮನೆಯವರು ‘ಈ ವರ್ಷ ತೊಗರಿ ಹೋತು ನೋಡು’ ಅಂದದ್ದು. ಸೀರೆ ಇರಲಿಲ್ಲ, ಬೆಲೆ ಇರಲಿಲ್ಲ, ನಮ್ಮ ನಂಬರೂ ಇರಲಿಲ್ಲ. ಅದನ್ನು ನೋಡಿದ ಜನ ಕೇಳಿದ ಪ್ರಶ್ನೆಗಳೇ ಬೇರೆ. ‘ಇದೇನ್ರೀ ಮಾಡ್ಲಿಕ್ಕತ್ತಾರ?’ ‘ಎಷ್ಟು ಹೊತ್ತು ಹಿಡಿತೈತಿ?’ ‘ನಮ್ಮ ಅಜ್ಜಿ ಸೀರ್ಯಾಗ ಇದು ಐತೇನು ನೋಡೂದು ಹೆಂಗ?’ ಯಾರೂ ‘ಐನೂರರೊಳಗ ಐತೇನು’ ಅನ್ನಲಿಲ್ಲ. ಆ ವಿಡಿಯೋ ನೋಡಿ ಹನ್ನೊಂದು ಜನ ಹುಡುಕಿಕೊಂಡು ನಮ್ಮ ಪಡಸಾಲೆಗೇ ಬಂದರು. ಒಬ್ಬರು ಬೆಳಗಾವಿಯಿಂದ, ಇಬ್ಬರು ಪುಣೆಯಿಂದ ಬಾದಾಮಿ, ಐಹೊಳೆ ನೋಡಲು ಬಂದವರು ದಾರಿ ತಿರುಗಿಸಿಕೊಂಡು. ಮಗ್ಗದ ಕುಣಿಯ ಅಂಚಿಗೆ ಕೂತು ನೋಡಿದರು, ಮಜ್ಜಿಗೆ ಕುಡಿದರು, ಹತ್ತೊಂಬತ್ತು ಸೀರೆ ಒಯ್ದರು. ಒಂದೂ ತಿರುಗಿ ಬಂದಿಲ್ಲ.

ವಹಿಯ ಲೆಕ್ಕ ಹೀಗಿದೆ. ಯುಗಾದಿಯಿಂದ ದೀಪಾವಳಿ ತನಕ ಆ ಆ್ಯಪಿನಲ್ಲಿ ಸೀರೆಯ ಬಗ್ಗೆ ಕೇಳಿದವರು 140. ದುಡ್ಡು ಹಾಕಿ ತರಿಸಿಕೊಂಡ ಸೀರೆ 31. ತಿರುಗಿ ಬಂದದ್ದು ಬಣ್ಣಕ್ಕೆ 4, ದಡಿಯ ತಕರಾರಿಗೆ 3. ನಿಂತದ್ದು 24. ಕೊಂಡಿಯ ವಿಡಿಯೋದಿಂದ ಕಾಲಲ್ಲಿ ನಡೆದು ಬಂದ ವ್ಯಾಪಾರ 19. ಮೊದಲಿನ 24ಕ್ಕೆ ಮಗಳು ದಿನಾ ಎರಡು ತಾಸು ಕೂತಿದ್ದಾಳೆ, ಹತ್ತೊಂಬತ್ತಕ್ಕೆ ನಲವತ್ತು ಸೆಕೆಂಡು. ಅದೇ ಕಾಲದಲ್ಲಿ ನಮ್ಮ ಹಳೆಯ ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲಿ, ಫೋನಿನಲ್ಲಿ ಹೇಳಿ ತರಿಸಿಕೊಂಡದ್ದು ಅರವತ್ತರ ಮೇಲಿದೆ. ಅದು ಮಾವನವರ ಕಾಲದ ಗಳಿಕೆ, ಅದನ್ನು ಇಲ್ಲಿ ಹಿಡಿಯುವುದು ಸರಿಯಲ್ಲ.

ಕಳವಿನ ಮಾತೂ ಇದೆ. ಸ್ನ್ಯಾಪ್‌ಚಾಟ್‌ನಲ್ಲಿ ಯಾರಾದರೂ ನಮ್ಮ ಚಿತ್ರದ ಸ್ಕ್ರೀನ್‌ಶಾಟ್ ತೆಗೆದರೆ ನಮಗೆ ಗೊತ್ತಾಗುತ್ತದೆ. ಒಂದು ವಾರ ಯಾರೋ ಒಬ್ಬರು ನಾವು ಹಾಕಿದ ಹತ್ತು ಸೀರೆಗಳಲ್ಲಿ ಒಂಬತ್ತರದು ತೆಗೆದಿದ್ದರು. ‘ಅವ್ವಾ, ದೊಡ್ಡ ಗಿರಾಕಿ ಸಿಕ್ಕತು!’ ಅಂತ ಮಗಳು ಕುಣಿದಳು. ಅವರು ಒಂದು ಮಾತೂ ಕೇಳಲಿಲ್ಲ. ಎರಡು ತಿಂಗಳಿಗೆ, ನಾನು ಮಗಳು ಕೂತು ಬಣ್ಣ ಹೊಂದಿಸಿದ್ದ ಸಾಸಿವೆ ಹಳದಿ ಒಡಲು, ಜಂಬು ನೇರಳೆ ದಡಿಯ ಜೋಡಿ, ಅಚ್ಚು ಹೊಡೆದ ಪಾಲಿಸ್ಟರ್ ಸೀರೆಯಾಗಿ ಸಂತೆಯಲ್ಲಿ ನನ್ನ ಕಣ್ಣಿಗೇ ಬಿತ್ತು. ಸೆರಗಿನ ತೋಪ ತೆನಿ ಎಂಬ ನಮೂನೆಯ ಸಮೇತ, ಅದೂ ಅಚ್ಚಿನದೇ. 450 ರೂಪಾಯಿ. ಆ ಸ್ಕ್ರೀನ್‌ಶಾಟಿನವರೇ ಮಾಡಿಸಿದ್ದು ಅನ್ನಲಿಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ, ಅನ್ನುವುದೂ ಇಲ್ಲ. ಇಳಕಲ್ ಸೀರೆಗೆ ಈ ಊರಿನದೇ ಎನ್ನುವ ಜಿಐ ಗುರುತು ಇದೆ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆ. ಸಂತೆಯ ರಾಶಿಯಲ್ಲಿ ಕೈ ಹಾಕಿ ಎಳೆಯುವವರು ಚೀಟಿ ನೋಡುತ್ತಾರೆಯೇ? ಅಂದಿನಿಂದ ಹೊಸ ಬಣ್ಣದ ಜೋಡಿಯನ್ನು ಪೂರ್ತಿ ಬಿಚ್ಚಿ ಹಾಕುವುದಿಲ್ಲ. ಮಡಿಕೆಯಲ್ಲಿಟ್ಟು ದಡಿಯ ಒಂದು ಗೇಣು ಮಾತ್ರ.

ಡಿಜಿಟಲ್ ತರಬೇತಿಯವರ ಬಗ್ಗೆ ಎರಡೇ ಮಾತು. ನಮ್ಮೂರಿಗೂ ಒಬ್ಬರು ಬಂದಿದ್ದರು, ಎರಡು ದಿನಕ್ಕೆ ತಲೆಗೆ 1,500 ರೂಪಾಯಿ. ದಿನಕ್ಕೆ ಮೂರು ಸ್ಟೋರಿ ಹಾಕಿರಿ, ಟ್ರೆಂಡ್ ಹಿಡಿಯಿರಿ, ದುಡ್ಡು ಕೊಟ್ಟು ಜಾಹೀರಾತು ಹಾಕಿರಿ ಅಂದರು. ಸ್ನ್ಯಾಪ್‌ಚಾಟ್ ಜಾಹೀರಾತು ದಿನಕ್ಕೆ ಐದು ಡಾಲರಿನಿಂದ ಶುರು. ಯಾವ ಊರು, ಯಾವ ವಯಸ್ಸು ಅಂತ ಆರಿಸಿಕೊಳ್ಳಬಹುದು, ಅದು ಒಳ್ಳೆಯ ಸೌಕರ್ಯವೇ. ಆದರೆ ಐದು ಡಾಲರ್ ಅಂದರೆ ನಾನೂರು ರೂಪಾಯಿಗೂ ಮೇಲಾಯಿತು. ನಮ್ಮ ಮನೆಯವರು ಬೆಳಗಿನಿಂದ ದೀಪ ಹಚ್ಚುವ ತನಕ ಕುಣಿಯಲ್ಲಿ ಕಾಲಿಟ್ಟು ಕೂತರೆ ಕೈಗೆ ಉಳಿಯುವುದು ಅದಕ್ಕಿಂತ ತುಸುವೇ ಹೆಚ್ಚು. ನಾನು ತರಬೇತಿಯವರಿಗೆ ‘ಆರ್ಡರ್ ಎಲ್ಲಿ ಬರೆದಿಡಬೇಕ್ರೀ?’ ಅಂತ ಕೇಳಿದೆ. ‘ಅದು ನಿಮಗೆ ಬಿಟ್ಟದ್ದು ಮೇಡಂ’ ಅಂದರು.

ಈಗ ನಾವು ಮಾಡುವುದು ಇಷ್ಟು. ಸ್ನ್ಯಾಪ್‌ಚಾಟ್‌ನಲ್ಲಿ ಸೀರೆಯ ಚಿತ್ರ ಅಪರೂಪ. ಕೆಲಸದ ಚಿತ್ರವೇ ಹೆಚ್ಚು: ನೂಲಿಗೆ ಬಣ್ಣ ಹಾಕಿ ಹಿಂಡುವುದು, ಕಂಡಕಿ ಸುತ್ತುವ ರಾಟಿ, ಸೆರಗಿನ ಬಿಳಿ ತೆನೆ ಏಳುವ ಹೊತ್ತು, ಮಗ್ಗದಿಂದ ಸೀರೆ ಕೊಯ್ದು ಇಳಿಸುವ ಗಳಿಗೆ. ಯಾರಾದರೂ ಕೊಳ್ಳುವ ಮಾತು ತೆಗೆದರೆ ಅಲ್ಲಿ ಉತ್ತರವಿಲ್ಲ. ಪಡಸಾಲೆಯ ಫೋನಿಗೆ ಬನ್ನಿ ಅನ್ನುತ್ತೇವೆ. ಅಲ್ಲಿ ನಾನೇ ಮಾತಾಡಿ, ವಹಿಯಲ್ಲಿ ಬರೆದು, ಬರೆದ ಹಾಳೆಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅವರು ‘ಹೌದು’ ಅಂದ ಮೇಲೆಯೇ ನೂಲು ಮುಟ್ಟುವುದು. ಮಗಳಿಗೆ ಇದು ಹಳೇ ಕಾಲದ್ದು ಅನ್ನಿಸುತ್ತದೆ. ಮೊನ್ನೆ ಮಳೆಗೆ ಎರಡು ದಿನ ನೆಟ್‌ವರ್ಕ್ ಹೋಗಿ ಅವಳ ಸ್ಟ್ರೀಕ್ ಮುರಿಯಿತು. ಊಟ ಬಿಟ್ಟು ಕೂತಿದ್ದಳು. ಮರುದಿನ ವಹಿಯ ಹಿಂದಿನ ಹಾಳೆಯಲ್ಲಿ ಪೆನ್ನಿನಿಂದ ಸಣ್ಣ ಬೆಂಕಿ ಬರೆದು ಪಕ್ಕಕ್ಕೆ 1 ಅಂತ ಹಾಕಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಇನ್ನು ನಿಮಗೆ ಸೇರಿದ್ದು. ಆ ಲೇಖನದ ಮೇಲೆ ಅರ್ಧ ಪುಟದಷ್ಟು ದೊಡ್ಡ ಫೋಟೋ ಹಾಕಿದ್ದೀರಿ. ಒಬ್ಬ ಹುಡುಗಿ ಫೋನು ಎತ್ತಿ ಹಿಡಿದು ತನ್ನ ಚಿತ್ರ ತೆಗೆದುಕೊಳ್ಳುತ್ತಿದ್ದಾಳೆ. ಕೆಳಗೆ ‘ಇಳಕಲ್ ಕೈಮಗ್ಗದ ಸೀರೆಯಲ್ಲಿ ಯುವತಿ’ ಎಂದು ಬರೆದಿದ್ದೀರಿ. ಹುಡುಗಿ ಲಕ್ಷಣವಾಗಿದ್ದಾಳೆ, ಅದಕ್ಕೆ ತಕರಾರಿಲ್ಲ. ಅವಳ ಭುಜದ ಮೇಲೆ ಸೆರಗು ಮಡಚಿದ ಕಡೆ ದಯವಿಟ್ಟು ಭೂತಗನ್ನಡಿ ಹಿಡಿದು ನೋಡಿ. ಹೊರಮೈ ಕೆಂಪಿದೆ, ಮಡಿಕೆಯ ಒಳಮೈ ಬಿಳಿಚಿಕೊಂಡಿದೆ. ನೇಯ್ದ ಸೆರಗು ಎರಡೂ ಮೈಗೆ ಕೆಂಪಾಗಿರುತ್ತದೆ, ಅಚ್ಚು ಹೊಡೆದದ್ದು ಒಂದೇ ಮೈಗೆ. ಒಡಲು, ಸೆರಗು ಕೂಡುವ ಕಡೆ ಕೊಂಡಿಯ ಗೆರೆಯೂ ಇಲ್ಲ. ಮನೆಯವರಿಗೆ ಪೇಪರ್ ತೋರಿಸಿದೆ, ದೂರದಿಂದಲೇ ನೋಡಿ ‘ಸಂತಿ ಮಾಲು’ ಅಂದು ಮಗ್ಗಕ್ಕೆ ಹೋದರು.

ಮುಂದಿನ ವಾರ ಒಂದು ತಿದ್ದುಪಡಿ ಹಾಕಿ. ಸರಿಯಾದ ಫೋಟೋ ಬೇಕಿದ್ದರೆ ಕೊಂಡಿ ಕಾಣುವ ಹಾಗೆ, ನೂರರ ನೋಟಿನ ಸಮೇತ ತೆಗೆದು ಕಳಿಸುತ್ತೇನೆ, ಮಗಳ ಫೋನಿನಲ್ಲಿ. ನನ್ನ ಹೆಸರು ಹಾಕಬೇಡಿ, ಅವಳ ಗೆಳತಿಯರೆಲ್ಲ ನಿಮ್ಮ ಪೇಪರ್ ಓದುತ್ತಾರಂತೆ.

— ಓದುಗರೊಬ್ಬರು, ಇಳಕಲ್, ಬಾಗಲಕೋಟೆ ಜಿಲ್ಲೆ